ಡಿಸಿಸಿಗೆ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಬದಲಾಗಬೇಕಾ? ಮನೆಯಲ್ಲಿ ಮಾಡೆಲ್ ರೈಲು ಓಡಿಸೋರು ಹೇಳಿ

ಕೇಳಿದವರು, ಮೈಸೂರು:
ಮಹಡಿ ರೂಮಲ್ಲಿ 8x4 ಅಡಿ ಪ್ಲೈವುಡ್ ಮೇಲೆ ಎಚ್‌ಒ ಅಳತೆಯ ಮಾಡೆಲ್ ರೈಲು ಲೇಔಟ್ ಇದೆ, ಹಳೇ ಡಿಸಿ ಪವರ್ ಪ್ಯಾಕ್‌ನಲ್ಲಿ ಓಡ್ತಿದೆ. ಈಗ ಮಗಳಿಗೂ ಒಂದು ಇಂಜಿನ್ ಬೇಕಂತೆ. ಎರಡನ್ನೂ ಹಳಿ ಮೇಲಿಟ್ಟು ನಾಬ್ ತಿರುಗಿಸಿದ್ರೆ ಎರಡೂ ಒಟ್ಟಿಗೇ ಹೊರಡುತ್ತವೆ, ದಿನಾ ಜಗಳ. ಹಳಿ ತುಂಡು ಮಾಡಿ ಒಂದೊಂದು ತುಂಡಿಗೆ ಬೇರೆ ಬೇರೆ ಕರೆಂಟು ಕೊಡೋ ಬ್ಲಾಕ್ ಸ್ವಿಚ್ ಹಾಕಲಾ, ಒಂದೊಂದು ಇಂಜಿನ್ನಿಗೂ ಬೇರೆ ಆಜ್ಞೆ ಕೊಡೋ ಡಿಸಿಸಿಗೇ ಹೋಗಲಾ? ‘ಎರಡೇ ವೈರ್ ಸಾಕು’ ಅಂತಾರಲ್ಲ, ನಿಜವಾ? ಒಂದು ಇಂಜಿನ್ ಇಪ್ಪತ್ತು ವರ್ಷ ಹಳೇದು, ಡಿಕೋಡರ್ (ಡಿಸಿಸಿ ಆಜ್ಞೆ ಓದೋ ಪುಟ್ಟ ಬೋರ್ಡ್) ಹಾಕೋ ಸಾಕೆಟ್ ಇಲ್ಲ.

ಬೆಂಗಳೂರಿನಿಂದ:
ಹೋಗಿ, ಯೋಚನೆ ಮಾಡಬೇಡಿ. ಆದರೆ ‘ಎರಡೇ ವೈರ್’ ಮಾತು ನಂಬಿ ನಾನು ಆರು ತಿಂಗಳು ಹಾಳು ಮಾಡಿಕೊಂಡೆ. ಡಿಸಿಸಿಯಲ್ಲಿ ಹಳಿಗೆ ಸದಾ 14–15 ವೋಲ್ಟ್ ಇರುತ್ತೆ. ಆ ವೋಲ್ಟೇಜು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತೆ. ಬೇಗ ಬದಲಿಸಿದರೆ 1, ತಡವಾಗಿ ಬದಲಿಸಿದರೆ 0. ‘ಮೂರನೇ ನಂಬರ್, ನಿಧಾನ’ ಅನ್ನೋ ಆಜ್ಞೆ ಅದರಲ್ಲೇ ಹೋಗುತ್ತೆ. ಎಲ್ಲ ಇಂಜಿನ್ನಿಗೂ ಕೇಳಿಸುತ್ತೆ, ಮೂರನೇದು ಮಾತ್ರ ಪಾಲಿಸುತ್ತೆ.

ನಾನು ಎರಡೇ ವೈರ್ ಕೊಟ್ಟು, ಉಳಿದದ್ದನ್ನು ಹಳಿ ಜೋಡಿಸೋ ಫಿಷ್‌ಪ್ಲೇಟಿಗೆ ಬಿಟ್ಟಿದ್ದೆ. ಒಂದು ದಿನ ದೂರದ ತಿರುವಿನಲ್ಲಿ ಇಂಜಿನ್ ಹಳಿ ತಪ್ಪಿ ಶಾರ್ಟ್ ಆಯ್ತು. ಸಡಿಲ ಜಾಯಿಂಟುಗಳ ರೆಸಿಸ್ಟೆನ್ಸ್‌ನಿಂದ ಕರೆಂಟು ಟ್ರಿಪ್ ಆಗುವಷ್ಟು ಏರಲೇ ಇಲ್ಲ. ನಾನು ಕಾಫಿ ತಗೊಂಡು ಬರೋಷ್ಟರಲ್ಲಿ ಬೋಗಿಯ ಪ್ಲಾಸ್ಟಿಕ್ ಕರಗಿ ಚಕ್ರ ಓರೆಯಾಗಿತ್ತು. ಆಮೇಲೆ ಪ್ಲೈವುಡ್ ಕೆಳಗೆ ಒಂದೂವರೆ ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿಯನ್ನೇ ಬಸ್ (ಮುಖ್ಯ ತಂತಿ) ಮಾಡಿ ಎಳೆದೆ. ಪ್ರತಿ ಮೂರು ಅಡಿಗೆ ಅದರಿಂದ ಹಳಿಗೆ ಒಂದು ಜೋಡಿ ತೆಳು ಫೀಡರ್ ತಂತಿ ಬೆಸುಗೆ ಹಾಕಿದೆ. ಪರೀಕ್ಷೆ ಸುಲಭ: ಇಂಜಿನ್ ಇಳಿಸಿ, ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಡಿ. ಎಲ್ಲಿಟ್ಟರೂ ಕಮಾಂಡ್ ಸ್ಟೇಷನ್ (ಹಳಿಗೆ ಕರೆಂಟು, ಆಜ್ಞೆ ಕಳಿಸೋ ಪೆಟ್ಟಿಗೆ) ತಕ್ಷಣ ಟ್ರಿಪ್ ಆಗಬೇಕು. ಆಗದ ಜಾಗದಲ್ಲಿ ಇನ್ನೊಂದು ಫೀಡರ್ ಬೇಕು.

ಹಳೇ ಇಂಜಿನ್ನಿನ ವಿಷಯ. ಹಳೇ ಮಾಡೆಲ್‌ಗಳಲ್ಲಿ ಮೋಟಾರಿನ ಒಂದು ಬ್ರಷ್ (ಮೋಟಾರಿಗೆ ಕರೆಂಟು ಮುಟ್ಟಿಸೋ ತುದಿ) ಎಷ್ಟೋ ಸಲ ಚಾಸಿಗೇ ತಾಗಿರುತ್ತೆ. ಹಾಗೇ ಡಿಕೋಡರ್ ಹಾಕಿದ್ರೆ ಒಂದು ಕ್ಷಣ, ಸುಟ್ಟ ವಾಸನೆ, ಮುಗೀತು. ಮೊದಲು ಬಾಡಿ ಬಿಚ್ಚಿ, ಮೋಟಾರಿನ ಎರಡೂ ಬ್ರಷ್ ತುದಿಯನ್ನು ಬಿಡಿಸಿ, ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಅವು ಚಾಸಿಗೂ ಚಕ್ರಕ್ಕೂ ಸಂಬಂಧವಿಲ್ಲದೆ ಇವೆಯಾ ನೋಡಿ. ಆಮೇಲೆ ಡಿಕೋಡರಿನ ಕೆಂಪು, ಕಪ್ಪು ತಂತಿ ಹಳಿಯ ಕಡೆಗೆ. ಕಿತ್ತಳೆ, ಬೂದು ಮೋಟಾರಿಗೆ.

ಹುಬ್ಬಳ್ಳಿಯಿಂದ:
ಸ್ಟಾರ್ಟರ್ ಸೆಟ್ಟಿನ ರೇಟು ನೋಡಿ ಹೆದರಬ್ಯಾಡ್ರಿ. ನಂದು ಡಿಸಿಸಿ-ಇಎಕ್ಸ್, ಕಮಾಂಡ್ ಸ್ಟೇಷನ್ ನಾವ ಮಾಡ್ಕೊಳ್ಳೋದು, ಸಾಫ್ಟ್‌ವೇರ್ ಪುಕ್ಕಟೆ. ಅರ್ಡುಯಿನೊ ಮೆಗಾ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್, ಅದರ ಮ್ಯಾಲೆ ಹಳಿಗೆ ಕರೆಂಟು ಕೊಡೋ ಮೋಟಾರ್ ಶೀಲ್ಡ್ ಬೋರ್ಡ್, ಒಂದು ಅಡಾಪ್ಟರ್. ವೈಫೈ ಬೋರ್ಡ್ ಸೇರಿಸಿದ್ರ ಹಳೇ ಆಂಡ್ರಾಯ್ಡ್ ಫೋನಿನ್ಯಾಗ ಎಂಜಿನ್ ಡ್ರೈವರ್ ಆ್ಯಪ್ ಹಾಕ್ಕೊಂಡು ಓಡಸಬಹುದು, ನಿಮಗೊಂದು ಫೋನು, ಮಗಳಿಗೊಂದು. ಶೀಲ್ಡಿನ ತಳದಾಗ ‘ವಿಐಎನ್’ ಅಂತ ಜಂಪರ್ ಗೆರಿ ಇದ್ರ ಅದನ್ನ ಬ್ಲೇಡಿಂದ ಕತ್ತರಿಸ್ರಿ. ಇಲ್ಲಂದ್ರ ಹಳಿಗೆ ಕೊಡೋ 15 ವೋಲ್ಟ್ ಸೀದಾ ಮೆಗಾಕ್ಕ ಹೋಗ್ತದ. ನಾ ಓದಲಾರದ ಕೊಟ್ಟೆ. ರೆಗ್ಯುಲೇಟರ್ ಬಿಸಿ ಆಗೇತೇನು ಅಂತ ಬೆರಳಿಟ್ಟು ನೋಡಿದೆ, ಬೊಬ್ಬಿ ಬಂತು.

ಮಂಗಳೂರಿನಿಂದ:
ನಮ್ಮಲ್ಲಿ ಮಳೆಗಾಲ ಅಂದ್ರೆ ಹಳಿ ಕಪ್ಪಾಗುವ ಕಾಲ. ಕೊಳೆ ಇದ್ದರೆ ಡಿಸಿ ಇಂಜಿನ್ ಒಮ್ಮೆ ಮುಗ್ಗರಿಸಿ ಮುಂದೆ ಹೋಗ್ತದೆ. ಡಿಕೋಡರ್ ಹಾಗಲ್ಲ, ಕರೆಂಟು ತಪ್ಪಿದರೆ ರೀಸೆಟ್ ಆಗ್ತದೆ, ಸೌಂಡ್ ಇಂಜಿನ್ ಆದರೆ ನಡುದಾರಿಯಲ್ಲಿ ಪುನಃ ಸ್ಟಾರ್ಟ್ ಆಗುವ ಸದ್ದು ಬೇರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಗೆ ಹಾಕಿ ಹಳಿ, ಚಕ್ರ ಎರಡನ್ನೂ ಒರೆಸಿ. ಸ್ಯಾಂಡ್‌ಪೇಪರ್ ಮುಟ್ಟಬೇಡಿ, ಆ ಗೀರಿನಲ್ಲೇ ಮತ್ತೆ ಕೊಳೆ ಕೂತುಕೊಳ್ತದೆ.

ಸ್ಟುಟ್‌ಗಾರ್ಟ್‌ನಿಂದ:
ಡಿಸಿಸಿಯ ಬೇರು ಇಲ್ಲೇ, ಜರ್ಮನಿಯ ಲೆನ್ಜ್ ಕಂಪನಿಯ ಕೆಲಸ. ಅದನ್ನೇ ಆಧರಿಸಿ ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಸ್ಟ್ಯಾಂಡರ್ಡ್ ಮಾಡಿತು. ಹಾಗಾಗಿ ಒಬ್ಬರ ಡಿಕೋಡರ್ ಇನ್ನೊಬ್ಬರ ಕಮಾಂಡ್ ಸ್ಟೇಷನ್‌ನಲ್ಲಿ ಓಡುತ್ತೆ. ಊರಿಗೆ ಬರುವಾಗ ಸಂತೆಯಿಂದ ಸೆಕೆಂಡ್‌ಹ್ಯಾಂಡ್ ಇಂಜಿನ್ ತನ್ನಿ ಅಂತ ಎಲ್ಲರೂ ಹೇಳ್ತಾರೆ. ಮ್ಯಾರ್ಕ್ಲಿನ್ ಕಂಪನಿಯ ಎಚ್‌ಒ ಇಂಜಿನ್ನಾದರೆ ತಿರುಗಿಸಿ ತಳ ನೋಡಿ. ನಡುವೆ ಉದ್ದದ ಸ್ಕೀ ಥರ ಪಟ್ಟಿ ಇದ್ದರೆ ಅದು ಮೂರು ಹಳಿ ಪದ್ಧತಿಯದು. ಎಡ ಬಲ ಚಕ್ರದ ಮಧ್ಯೆ ಇನ್ಸುಲೇಷನ್ ಇರಲ್ಲ, ನಿಮ್ಮ ಎರಡು ಹಳಿ ಮೇಲೆ ಇಟ್ಟ ಕೂಡಲೇ ಶಾರ್ಟ್. ನಮ್ಮ ಭಾವನಿಗೆ ಅಂಥದ್ದೊಂದು ತಂದುಕೊಟ್ಟೆ, ಈಗ ಶೋಕೇಸಿನಲ್ಲಿದೆ.

ಬೆಂಗಳೂರಿನವರು ಮತ್ತೆ:
ಮರೆತಿದ್ದೆ. ಹೊಸ ಡಿಕೋಡರ್ ಎಲ್ಲ ವಿಳಾಸ 3ರಲ್ಲೇ ಬರುತ್ತವೆ. ಎರಡನ್ನೂ ಹಾಗೇ ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ, ಮತ್ತೆ ಅದೇ ಜಗಳ! ಒಂದೊಂದೇ ಇಂಜಿನನ್ನು ಪ್ರೋಗ್ರಾಮಿಂಗ್ ಟ್ರ್ಯಾಕ್ (ಸೆಟ್ಟಿಂಗ್ ಬದಲಿಸೋಕೆ ಬೇರೆ ಇಟ್ಟ ಹಳಿ) ಮೇಲಿಟ್ಟು ಸಿವಿ 1, ಅಂದರೆ ಡಿಕೋಡರಿನ ವಿಳಾಸದ ಸೆಟ್ಟಿಂಗ್, ಬದಲಿಸಿ. ಏನಾದರೂ ಎಡವಟ್ಟಾದರೆ ಸಿವಿ 8ಕ್ಕೆ 8 ಬರೆದರೆ ಬಹಳಷ್ಟು ಡಿಕೋಡರ್ ಮೊದಲಿನಂತಾಗುತ್ತವೆ. ಸಿವಿ 3, 4 ಸ್ವಲ್ಪ ಏರಿಸಿ, ರೈಲು ರೈಲಿನ ಹಾಗೆ ನಿಧಾನ ಎದ್ದು ನಿಧಾನ ನಿಲ್ಲುತ್ತೆ.

ಕೇಳಿದವರು:
ಫೀಡರ್ ಹಾಕಿ, ಹುಬ್ಬಳ್ಳಿಯವರ ಹಾದಿ ಹಿಡಿದೆ, ವಿಐಎನ್ ಗೆರೆ ಕತ್ತರಿಸಿಯೇ. ನಾಣ್ಯ ಸುರಂಗದೊಳಗೆ ಒಂದು ಕಡೆ ಟ್ರಿಪ್ ಆಗ್ತಿಲ್ಲ. ಅಲ್ಲಿ ಬೆಸುಗೆ ಹಾಕಬೇಕಂದ್ರೆ ಗುಡ್ಡ ಕೀಳಬೇಕು. ಮಗಳು ಬಿಡ್ತಿಲ್ಲ, ಬಣ್ಣ ಹಚ್ಚಿದ್ದು ಅವಳು.