ತೂಗುಹಾಕುವ ಸಿಮೆಂಟ್ ಕುಂಡ: ಹಗ್ಗದ ತೂತಿನಿಂದಲೇ ಬಿರುಕು ಬಿಡ್ತಿದೆ, ಏನು ತಪ್ಪು?

ಬಳ್ಳಿಪ್ರಿಯ: ಮನಿಪ್ಲಾಂಟ್‌ಗೆ ಮಾಡಿದ ಮೂರು ಕುಂಡ ಬಿರುಕು ಬಿಟ್ಟಿವೆ. ಹೊರಗಿನ ಅಚ್ಚು 16 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಡಬ್ಬ. ಒಳಗೆ 13 ಸೆಂ.ಮೀ. ಅಗಲದ ಸ್ಟೀಲ್ ಡಬ್ಬ. ಗೋಡೆ, ತಳ ಎರಡೂ ಒಂದೂವರೆ ಸೆಂ.ಮೀ. ದಪ್ಪ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ದೋಸೆಹಿಟ್ಟಿನ ಹದಕ್ಕೆ ನೀರು. ಎರಡು ದಿನ ಬಿಟ್ಟು ಅಚ್ಚು ಬಿಚ್ಚಿ, ಬಾಯಿಯಿಂದ 1 ಸೆಂ.ಮೀ. ಕೆಳಗೆ ಮೂರು ತೂತು ಡ್ರಿಲ್ ಮಾಡಿ, ಐದನೇ ದಿನ ಮಣ್ಣು ತುಂಬಿ ತೂಗುಹಾಕಿದ್ದು. ಎರಡರಲ್ಲಿ ತೂತಿನಿಂದ ಬಾಯಿವರೆಗೆ ಬಿರುಕು. ಇನ್ನೊಂದರಲ್ಲಿ ತೂತೇ ಇಲ್ಲದ ಕಡೆ ಕೂದಲೆಳೆಯಂಥ ಗೆರೆ ನೇರ ಕೆಳಗಿಳಿದಿದೆ. ಸಿಮೆಂಟು, ಮರಳು ಸಮಸಮ ಹಾಕಿದ್ರೆ ಗಟ್ಟಿ ಬರುತ್ತಾ?

ಗಾರೆಕೈ: ಬೇಡ. ಸಿಮೆಂಟ್ ಹೆಚ್ಚಿದಷ್ಟೂ ಕುಗ್ಗೋದೂ ಹೆಚ್ಚು, ಬಿರುಕೂ ಹೆಚ್ಚು. ನಿಮ್ಮ ಪಾಲು ಸರಿಯಾಗೇ ಇದೆ.

ತೂತಿಲ್ಲದ ಕಡೆ ಬಂದ ಗೆರೆಯನ್ನ ಹತ್ತಿರದಿಂದ ನೋಡಿ. ಬಾಯಿ ಹತ್ತಿರ ಅಗಲವಾಗಿದ್ದು, ಕೆಳಗೆ ಹೋಗ್ತಾ ಸಣ್ಣಗಾಗಿ, ತಳ ಮುಟ್ಟೋ ಮೊದಲೇ ಮಾಯವಾಗಿದ್ರೆ ಅದು ಒಳಗಿನ ಸ್ಟೀಲ್ ಡಬ್ಬದ ಕೆಲಸ. ಗಾರೆ ಗಟ್ಟಿಯಾಗ್ತಾ ಒಳಮುಖವಾಗಿ ಕುಗ್ಗುತ್ತೆ. ಸ್ಟೀಲ್ ಒಂದಿಷ್ಟೂ ಬಗ್ಗಲ್ಲ. ಎರಡು ದಿನ ಅದನ್ನ ಬಿಗಿಯಾಗಿ ತಬ್ಬಿಕೊಂಡ ಗೋಡೆ ಸೀಳದೆ ಇನ್ನೇನು ಮಾಡುತ್ತೆ? ಒಳ ಅಚ್ಚಿಗೆ ತೆಳು ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ತಳ ಕಿರಿದು ಬಾಯಿ ಅಗಲ ಇರೋದು. ಎಣ್ಣೆಯನ್ನ ಬಟ್ಟೆಯಲ್ಲಿ ಒರೆಸಿದಷ್ಟು ಮಾತ್ರ ಸವರಿ, ತೇಲದಂತೆ ಒಳಗೆ ಮರಳು ತುಂಬಿ.

ತೆಗೆಯೋ ಹೊತ್ತನ್ನ ಗಂಟೆ ಲೆಕ್ಕದಲ್ಲಿ ನಂಬಬೇಡಿ, ಸೆಕೆ ಚಳಿ ನೋಡಿ ಬದಲಾಗುತ್ತೆ. ಉಗುರಲ್ಲಿ ಗೀರಿದ್ರೆ ಗುರುತು ಬೀಳಬಾರದು, ಮೊಳೆಯಲ್ಲಿ ಗೀರಿದ್ರೆ ಬೀಳಬೇಕು. ಆ ಹದದಲ್ಲಿ ಮರಳು ಚೆಲ್ಲಿ, ಡಬ್ಬವನ್ನ ಒಳಕ್ಕೆ ಅದುಮಿ ತಿರುಗಿಸಿ ಎಳೆದುಬಿಡಿ. ಹೊರ ಅಚ್ಚು ಮಾರನೇ ದಿನಕ್ಕೆ ಇರಲಿ.

ಎರಡನೇ ತಪ್ಪು ನೀರು. ದೋಸೆಹಿಟ್ಟಿನ ಹದ ಸುರಿಯೋಕೆ ಸುಲಭ, ಆದ್ರೆ ಹೆಚ್ಚಿನ ನೀರು ಆರಿದ ಜಾಗವೆಲ್ಲ ಸಣ್ಣ ಸಣ್ಣ ಟೊಳ್ಳು. ನಿಮ್ಮ ಅಚ್ಚಿಗೆ 750 ಗ್ರಾಂ ಸಿಮೆಂಟು, ಒಂದೂವರೆ ಕೆ.ಜಿ. ಒಣ ಮರಳು, 340 ಮಿ.ಲೀ. ನೀರು ಸಾಕು. ಅಳತೆ ಲೋಟ ಬಿಟ್ಟು ತಕ್ಕಡಿಯಲ್ಲೇ ತೂಗಿ. ಮರಳು ಒದ್ದೆ ಇದ್ರೆ ನೀರು ಕಡಿಮೆ ಮಾಡಿ. ಮುಷ್ಟಿ ಹಿಡಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳೀಬಾರದು. ಇದು ತಾನಾಗಿ ಹರಿಯಲ್ಲ. ಸ್ವಲ್ಪ ಸ್ವಲ್ಪ ಹಾಕಿ, ತೆಳು ಕಡ್ಡಿಯಲ್ಲಿ ಚುಚ್ಚಿ, ಡಬ್ಬದ ಹೊರಗೆ ತಟ್ಟುತ್ತಾ ಹೋಗಿ. ಕೈಗವಸು ಹಾಕ್ಕೊಳ್ಳಿ, ಹಸಿ ಸಿಮೆಂಟು ಚರ್ಮ ಸುಡುತ್ತೆ.

ಆಮೇಲೆ ಕ್ಯೂರಿಂಗ್, ಅಂದ್ರೆ ಗಟ್ಟಿಯಾಗೋವರೆಗೆ ತೇವ ಆರದಂತೆ ನೋಡ್ಕೊಳ್ಳೋದು. ಸಿಮೆಂಟು ಒಣಗಿ ಗಟ್ಟಿಯಾಗೋದಲ್ಲ, ನೀರಿನ ಜೊತೆ ಕೂಡಿ ಗಟ್ಟಿಯಾಗೋದು. ಅಚ್ಚು ಬಿಚ್ಚಿದ ತಕ್ಷಣ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ 7 ದಿನ ನೆರಳಲ್ಲಿಡಿ. ಭಾರ ಹಾಕೋದು 28 ದಿನ ಆದ ಮೇಲೆ.

ತೂಕದಲೆಕ್ಕ: ಮೇಲಿನದೆಲ್ಲ ಒಪ್ಪಿದೆ, ಆದ್ರೆ ತೂತಿನ ಬಿರುಕು ಅಷ್ಟರಿಂದ ನಿಲ್ಲಲ್ಲ. ನಿಮ್ಮ ಖಾಲಿ ಕುಂಡವೇ ಸುಮಾರು 2.4 ಕೆ.ಜಿ. ನೀರು ಕುಡಿದ ಮಣ್ಣು, ಗಿಡ ಸೇರಿದ್ರೆ ನಾಲ್ಕೂವರೆ. ಸಿಮೆಂಟು ಒತ್ತಡ ಚೆನ್ನಾಗಿ ತಾಳುತ್ತೆ, ಎಳೆತ ತಾಳೋದು ಅದರ ಹತ್ತನೇ ಒಂದು ಪಾಲಿನಷ್ಟು. ನೀವು ಇಡೀ ಭಾರವನ್ನ ಬಾಯಿ ಅಂಚಿನ 1 ಸೆಂ.ಮೀ. ಪಟ್ಟಿಗೆ ನೇತುಹಾಕಿದ್ದೀರಿ, ಅದೂ ಡ್ರಿಲ್ ಅದುರಿಸಿದ ಪಟ್ಟಿಗೆ.

ತೂತು ಬೇಕೇ ಬೇಕು ಅಂದ್ರೆ ಬಾಯಿಯಿಂದ 3 ಸೆಂ.ಮೀ. ಕೆಳಗೆ, ಅಚ್ಚಲ್ಲೇ ಎಣ್ಣೆ ಸವರಿದ ಕಡ್ಡಿ ಇಟ್ಟು ಬಿಡಿಸಿ. ತೂತಿನೊಳಗೆ ಪ್ಲಾಸ್ಟಿಕ್ ನಳಿಕೆಯ ತುಂಡು ಕೂರಿಸಿ, ಇಲ್ದಿದ್ರೆ ಒರಟು ಅಂಚು ಹಗ್ಗವನ್ನ ಕೊಯ್ಯುತ್ತೆ. ಹಗ್ಗಗಳ ಗಂಟು ಎಷ್ಟು ಎತ್ತರದಲ್ಲಿದೆ ಅನ್ನೋದೂ ಮುಖ್ಯ. ತೂತಿಂದ 8 ಸೆಂ.ಮೀ. ಮೇಲೆ ಕಟ್ಟಿದ್ರೆ ಹಗ್ಗ 45 ಡಿಗ್ರಿ ವಾಲುತ್ತೆ, ಪ್ರತಿ ಹಗ್ಗವೂ ಗೋಡೆಯನ್ನ ಒಂದೂವರೆ ಕೆ.ಜಿ. ಭಾರದಲ್ಲಿ ಒಳಕ್ಕೆಳೆಯುತ್ತೆ. 45 ಸೆಂ.ಮೀ. ಮೇಲೆ ಕಟ್ಟಿದ್ರೆ ಅದೇ ಎಳೆತ ಕಾಲು ಕೆ.ಜಿ. ಚಿಲ್ಲರೆ.

ನನ್ನ ಮತ ಕೇಳಿದ್ರೆ ತೂತೇ ಬೇಡ. ತಳದಡಿ ಬಳಸಿ ಬರೋ ನೈಲಾನ್ ಹಗ್ಗದ ಸಿಕ್ಕ (ನೆಲುವು) ಹೆಣೆದು ಅದರಲ್ಲಿ ಕುಂಡ ಕೂರಿಸಿ. ಭಾರ ತಳದ ಮೇಲೆ ಒತ್ತಡವಾಗಿ ಬೀಳುತ್ತೆ, ಸಿಮೆಂಟಿಗೆ ಅದೇ ಹಿತ. ಸೆಣಬು ನೋಡೋಕೆ ಚೆಂದ, ಆದ್ರೆ ತಳದ ತೇವಕ್ಕೆ ಕೊಳೆಯುತ್ತೆ.

ಬಳ್ಳಿಪ್ರಿಯ: ಮರಳಿನ ಬದಲು ಅರ್ಧ ಪರ್ಲೈಟ್ (ನರ್ಸರಿಯಲ್ಲಿ ಸಿಗೋ ಹಗುರ ಬಿಳಿ ಹರಳು) ಹಾಕಿ ಹಗುರ ಮಾಡಬಹುದಾ? ಒಳಗೆ ಕೋಳಿ ಜಾಲರಿ ಇಟ್ರೆ? ಬಿರುಕು ಬಿಟ್ಟವನ್ನ ಅಂಟಿಸಬಹುದಾ?

ಗಾರೆಕೈ: ಪರ್ಲೈಟ್ ಹಾಕಿದ್ರೆ ಶಕ್ತಿಯೂ ಇಳಿಯುತ್ತೆ. ಅದಕ್ಕೆ ಗೋಡೆಯನ್ನ ಎರಡೂವರೆ ಸೆಂ.ಮೀ. ಮಾಡಬೇಕಾಗುತ್ತೆ, ಉಳಿಸಿದ ತೂಕ ಅಲ್ಲಿಗೇ ಹೋಯ್ತು, ಮಣ್ಣಿನ ಜಾಗವೂ ಕಡಿಮೆ. ಜಾಲರಿ ಇಷ್ಟು ತೆಳು ಗೋಡೆಯಲ್ಲಿ ಬೇಡ, ತೇವ ತಾಗಿ ತುಕ್ಕು ಉಬ್ಬಿ ಒಳಗಿಂದಲೇ ಸೀಳುತ್ತೆ. ಅಲ್ಯೂಮಿನಿಯಂ ತಂತಿಯೂ ಬೇಡ, ಹಸಿ ಸಿಮೆಂಟಲ್ಲಿ ಅದು ಗಾಳಿಗುಳ್ಳೆ ಎಬ್ಬಿಸುತ್ತೆ. 12 ಮಿ.ಮೀ. ಉದ್ದದ ಪಾಲಿಪ್ರೊಪಿಲೀನ್ (ಒಂದು ಬಗೆ ಪ್ಲಾಸ್ಟಿಕ್) ನಾರು 1 ಗ್ರಾಂ ಬಿಡಿಬಿಡಿಯಾಗಿ ಉದುರಿಸಿ ಕಲಸಿ. ಆರಂಭದ ಸಣ್ಣ ಬಿರುಕನ್ನ ಅದು ತಡೆಯುತ್ತೆ, ಭಾರ ಹೊರಲ್ಲ.

ಒಡೆದವನ್ನ ಎಪಾಕ್ಸಿಯಲ್ಲಿ ಅಂಟಿಸಿ ಮೇಜಿನ ಮೇಲಿಡಿ. ತೂಗುಹಾಕೋದು ಬೇಡವೇ ಬೇಡ, ಕೆಳಗೆ ಯಾರಾದ್ರೂ ಕೂತಿರ್ತಾರೆ.

ಗಿಡ ಇಡೋ ಮೊದಲು ಒಂದು ವಾರ ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ. ಹೊಸ ಸಿಮೆಂಟಿನ ಸುಣ್ಣ ಬೇರಿಗೆ ಆಗಲ್ಲ. ಹೊರಗೆ ಏಳೋ ಬಿಳಿ ಪುಡಿಯೂ ಅದೇ ಸುಣ್ಣ, ಒಣ ಬ್ರಷ್‌ನಲ್ಲಿ ಉಜ್ಜಿದ್ರೆ ಹೋಗುತ್ತೆ.

ತೂಕದಲೆಕ್ಕ: ತಳದಲ್ಲಿ 12 ಮಿ.ಮೀ.ನ ನೀರು ಸೋರೋ ತೂತು ಮರೀಬೇಡಿ. ಗಿಡ ಹಾಕೋ ಮೊದಲು ಒಂದು ಪರೀಕ್ಷೆ: ಕುಂಡವನ್ನ ನೆಲದಿಂದ ಒಂದು ಗೇಣು ಎತ್ತರದಲ್ಲಿ ತೂಗುಹಾಕಿ. ಒದ್ದೆ ಮರಳು ತುಂಬಿ, ಮೇಲೆ ಕಲ್ಲಿಟ್ಟು ಒಟ್ಟು 9 ಕೆ.ಜಿ. ಮಾಡಿ. ಒಂದು ದಿನ ಬಿಟ್ಟು ಇಳಿಸಿ, ನೀರು ಚಿಮುಕಿಸಿ ಒರೆಸಿ. ಮೈ ಆರುವಾಗ ಬಿರುಕಿದ್ದ ಕಡೆ ಮಾತ್ರ ಕಪ್ಪು ಗೆರೆ ಉಳ್ಕೊಳ್ಳುತ್ತೆ. ಗೆರೆ ಕಾಣದಿದ್ರೆ ಮೇಲೆ ಹಾಕಿ, 20 ಕೆ.ಜಿ. ತಾಳೋ ಕೊಕ್ಕೆಗೆ.