ಪುಟ್ಟಿಯ ಹಲ್ಲು, ಗುಂಡನ ನಾಲಿಗೆ

ಸುಮಾ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ಓದಿದೆ. ಈಗ ಕನ್ನಡಕ ಎಲ್ಲಿಟ್ಟೆನೋ ಸಿಗುತ್ತಿಲ್ಲ, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಉದ್ದವಾಯಿತು ಎನಿಸಿದವರು ಕೇಳದೆ ಬಿಡಲಿ. ಪುಟ್ಟಿ ಹಲ್ಲು ಕಚ್ಚಿ ಹಿಡಿದರೂ ಮುಂದಿನ ಮೇಲಿನ ಹಲ್ಲು ಕೆಳಗಿನದನ್ನು ಮುಟ್ಟುವುದಿಲ್ಲ, ನಡುವೆ ಕಿಂಡಿ ಉಳಿಯುತ್ತದೆ, ಡಾಕ್ಟರ್ ಅದನ್ನು ಓಪನ್ ಬೈಟ್ ಎಂದಿದ್ದಾರೆ, ಹಲ್ಲಿನ ಹಿಂದೆ ಕಂಬಿ ಹಾಕಿಸಬೇಕಂತೆ. ಏಳು ವರ್ಷಕ್ಕೇ ಇದೆಲ್ಲ ಬೇಕೇ, ಹೆಬ್ಬೆರಳು ಚೀಪುವುದನ್ನು ಬಿಡಿಸಿ ದೊಡ್ಡವಳಾದ ಮೇಲೆ ತಂತಿ ಹಾಕಿಸಿದರೆ ಸಾಲದೇ ಎಂದು ಕೇಳಿದ್ದೀಯ. ನನ್ನನ್ನು ಬಿಟ್ಟರೆ ಈ ಗುಂಪಿನಲ್ಲಿ ಇದಕ್ಕೆ ಉತ್ತರ ಹೇಳುವವರು ಯಾರಿದ್ದಾರೆ? ನನ್ನ ಮಗ ಗುಂಡನ ಹಲ್ಲಿನ ಪುರಾಣ ನಿಮಗೆಲ್ಲ ಗೊತ್ತಿರುವುದೇ.

ಗೊತ್ತಿರುವುದು ಅರ್ಧ. ಉಳಿದರ್ಧ ಕೇಳು.

ಗುಂಡ ಒಂದನೆಯ ತರಗತಿಗೆ ಹೋಗುವಾಗಲೂ ಹೆಬ್ಬೆರಳು ಬಾಯಿಂದ ತೆಗೆಯುತ್ತಿರಲಿಲ್ಲ. ನಿನ್ನ ಅಜ್ಜಿ, ನನ್ನ ಅತ್ತೆ, ಬೇವಿನ ಸೊಪ್ಪು ಅರೆದು ಬೆರಳಿಗೆ ಹಚ್ಚು ಎಂದರು. ಹಚ್ಚಿದೆ. ಹದಿನೈದು ದಿನ ಅತ್ತ, ಹದಿನಾರನೆಯ ದಿನ ಬಿಟ್ಟ. ನಾನು ಗೆದ್ದೆ ಎಂದುಕೊಂಡೆ. ಬೆರಳು ಬಾಯಿಂದ ಹೊರಗೆ ಬಂತು, ನಿಜ. ಅದು ಬಿಟ್ಟ ಜಾಗಕ್ಕೆ ನಾಲಿಗೆ ಬಂದು ಕುಳಿತದ್ದನ್ನು ನಾನು ನೋಡಲಿಲ್ಲ. ನೀರು ನುಂಗಿದರೂ ನಾಲಿಗೆ ಕಿಂಡಿಗೆ ನುಗ್ಗುತ್ತಿತ್ತು. ಸುಮ್ಮನೆ ಟಿ.ವಿ. ನೋಡುತ್ತ ಕುಳಿತಾಗಲೂ ಅದರ ತುದಿ ಹಲ್ಲುಗಳ ನಡುವೆಯೇ ಇರುತ್ತಿತ್ತು. ಕೋಡುಬಳೆಯನ್ನು ದವಡೆ ಹಲ್ಲಿನಲ್ಲಿ ಮುರಿಯುತ್ತಿದ್ದ. ಒತ್ತು ಶಾವಿಗೆಯ ಎಳೆ ಮುಂದಿನ ಹಲ್ಲಿಗೆ ಸಿಕ್ಕಿ ತುಂಡಾಗುತ್ತಲೇ ಇರಲಿಲ್ಲ. ಸಾಗರದಲ್ಲೇ ಹುಟ್ಟಿದ ಹುಡುಗನ ಬಾಯಲ್ಲಿ ಊರಿನ ಹೆಸರು ‘ಥಾಗರ’ ಆಗಿತ್ತು. ಮುದ್ದಿಗೆ ಹಾಗೆನ್ನುತ್ತಾನೆ ಎಂದು ನಾವು ನಗುತ್ತಿದ್ದೆವು.

2004ರಲ್ಲಿ, ಅವನಿಗೆ 13 ವರ್ಷವಾದಾಗ, ಶಿವಮೊಗ್ಗದಲ್ಲಿ ತಂತಿ ಹಾಕಿಸಿದೆವು. ಡಾಕ್ಟರ್ ಅವನ ಕೆಳತುಟಿಯನ್ನು ಮೆಲ್ಲಗೆ ಎಳೆದು ಹಿಡಿದು ಒಂದು ಗುಟುಕು ನೀರು ನುಂಗಿಸಿದರು. ನಾಲಿಗೆ ಹಾವಿನಂತೆ ಹೊರಗಿಣುಕಿತು. ‘ನೋಡಿ ಅಮ್ಮ, ಹಲ್ಲನ್ನು ನಾವು ತಂತಿಯಲ್ಲಿ ಎಳೆಯುತ್ತೇವೆ, ನಾಲಿಗೆಗೆ ಅದರ ಜಾಗ ಕಲಿಸುವವರು ನೀವು’ ಎಂದರು. ಒತ್ತುವ ಬಲಕ್ಕಿಂತ ಎಷ್ಟು ಹೊತ್ತು ಒತ್ತುತ್ತದೆ ಎನ್ನುವುದೇ ಮುಖ್ಯ, ಇಡೀ ದಿನ ಅಲ್ಲೇ ಒರಗಿದ್ದರೆ ಹಲ್ಲು ಇಳಿಯುವುದು ಹೇಗೆ ಎಂದೂ ಹೇಳಿದರು. ನನಗೆ ಕೇಳಿಸಿದ್ದು ತಂತಿ ಮತ್ತು ದುಡ್ಡು ಎರಡೇ. ‘ಲ’ ಎನ್ನುವಾಗ ನಾಲಿಗೆಯ ತುದಿ ತಾಗುತ್ತದಲ್ಲ, ಮೇಲಿನ ಹಲ್ಲಿನ ಹಿಂದಿನ ಆ ದಿಣ್ಣೆ, ಅಲ್ಲಿ ತುದಿಯನ್ನಿಟ್ಟು ನುಂಗುವ ಅಭ್ಯಾಸ ಕೊಟ್ಟಿದ್ದರು. ಅದನ್ನು ಮಾಡಿಸಿದ್ದು ಒಂದು ವಾರ.

ಎರಡು ವರ್ಷ, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಸುಮಾರು 70 ಕಿ.ಮೀ. ಹೋಗಿ ಬಂದೆವು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಪುಟ್ಟ ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡು ಹುಡುಗ ಶಾಲೆಗೆ ಹೋದ. ಕಿಂಡಿ ಮುಚ್ಚಿತು. ತಂತಿ ಬಿಚ್ಚಿದ ದಿನ ಪಾಯಸ ಮಾಡಿದೆ. ಹಲ್ಲು ಮತ್ತೆ ಜರುಗದಂತೆ ಹಿಡಿದಿಡುವ ರಿಟೇನರ್ ಕೊಟ್ಟು, ಹಾಕಿಕೊಳ್ಳುತ್ತಲೇ ಇರಬೇಕು ಎಂದಿದ್ದರು. ಪಿ.ಯು.ಸಿ.ಗೆ ಹಾಸ್ಟೆಲ್ಲಿಗೆ ಹೋದವನು ಊಟದ ಹೊತ್ತಿಗೆ ಅದನ್ನು ಕಾಗದದಲ್ಲಿ ಸುತ್ತಿಟ್ಟ, ಯಾರೋ ಎಂಜಲೆಲೆಯ ಜೊತೆ ಎಸೆದರು. ಬೈಸಿಕೊಳ್ಳಬೇಕಾದೀತು ಎಂದು ನಮಗೆ ಹೇಳಲಿಲ್ಲ. ಡಿಗ್ರಿ ಎರಡನೆಯ ವರ್ಷದ ಹೊತ್ತಿಗೆ ಕಿಂಡಿ ಮರಳಿ ಬಂದಿತ್ತು, ‘ಥಾಗರ’ವೂ ಬಂದಿತ್ತು.

ಅದಕ್ಕೇ ಹೇಳುತ್ತೇನೆ ಸುಮಾ, ಹಲ್ಲನ್ನು ನೋಡುತ್ತ ಕೂರಬೇಡ, ನಾಲಿಗೆಯನ್ನು ನೋಡು. ಬೆರಳು ಬಿಡಿಸಿದರೆ ಕೆಲಸ ಮುಗಿಯಿತು ಎಂದುಕೊಂಡು ಕೆಟ್ಟವಳು ನಾನು.

2013ರಲ್ಲಿ ಎರಡನೆಯ ಸಲ. ಆಗ ಅವನಿಗೆ 22. ದವಡೆಯ ಮೂಳೆಗೆ ಸಣ್ಣ ಸ್ಕ್ರೂ ಕೂರಿಸಿ, ಅದರ ಆಧಾರದಲ್ಲಿ ಮೇಲಿನ ದವಡೆ ಹಲ್ಲುಗಳನ್ನು ಒಳಕ್ಕೆ ಒತ್ತಿದರು. ಬಾಗಿಲ ತಿರುಗಣೆಯ ಹತ್ತಿರ ಒಂದು ಚಕ್ಕೆ ಸಿಕ್ಕಿಕೊಂಡರೆ ಚಿಲಕದ ಕಡೆ ಅಂಗೈ ಅಗಲ ಬಾಯಿಬಿಡುತ್ತದಲ್ಲ, ಆ ಚಕ್ಕೆ ತೆಗೆದ ಹಾಗೆ. ಹಿಂದಿನ ಹಲ್ಲು 1 ಮಿ.ಮೀ. ಒಳಹೋದರೆ ಮುಂದೆ ಎರಡು ಮೂರು ಮಿ.ಮೀ. ಮುಚ್ಚುತ್ತದೆ. ಇದಕ್ಕೆ ನನ್ನ ಅವಲಕ್ಕಿ ಸರ ಹೋಯಿತು. ಹೋಗಲಿ, ಸರ ಮತ್ತೆ ಮಾಡಿಸಬಹುದು. ಆದರೆ ನಿನ್ನ ದೊಡ್ಡಪ್ಪ, ನಮ್ಮ ಭಾವನವರು, ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ, ಅಂಗಳದಲ್ಲಿ ಅಡಿಕೆ ಸುಲಿಯುವವರ ಮುಂದೆ ಏನೆಂದರು? ‘ಗಂಡು ಹುಡುಗನ ಹಲ್ಲಿಗೆ ಯಾರಾದರೂ ಚಿನ್ನ ಮಾರುತ್ತಾರೆಯೇ’ ಎಂದರು. ಇವರೇ ಅಲ್ಲವೇ ಹಬ್ಬಕ್ಕೆ ಬಂದಾಗಲೆಲ್ಲ ಮಗುವನ್ನು ಎದುರಿಗೆ ನಿಲ್ಲಿಸಿ ‘ಸೊಸೆ ಸಾಸಿವೆ ಸಿಡಿಸಿದಳು’ ಎಂದು ಹೇಳಿಸಿ ನಗುತ್ತಿದ್ದವರು? ಆಮೇಲೆ ಇವರ ಮಗಳ ಮದುವೆಗೆ ಮೂರು ದಿನ ಒಲೆಯ ಮುಂದೆ ನಿಂತವಳು ನಾನು. ಆಲ್ಬಮ್ಮಿನಲ್ಲಿ ನಾನಿರುವುದು ಒಂದೇ ಫೋಟೋದಲ್ಲಿ, ಅದರಲ್ಲೂ ಕಾಣುವುದು ಬೆನ್ನು. ಇರಲಿ. ಹಳೆಯ ಮಾತು. ಹಳೆಯದು ಎಂದು ನಾನು ಎಲ್ಲಿಯೂ ಎತ್ತುವುದಿಲ್ಲ.

ಎಲ್ಲಿದ್ದೆ? ನಾಲಿಗೆ. ಮತ್ತೊಮ್ಮೆ ಹೇಳುತ್ತೇನೆ, ಹಲ್ಲನ್ನಲ್ಲ, ನಾಲಿಗೆಯನ್ನು ನೋಡು. ಗುಂಡನಿಗೆ ಈಗಲೂ ರಾತ್ರಿ ರಿಟೇನರ್ ಇದೆ. ಮದುವೆಯ ದಿಬ್ಬಣ ಹೊರಡುವಾಗ ಬಾಸಿಂಗದ ಪೆಟ್ಟಿಗೆಯ ಪಕ್ಕ ಅದರ ಡಬ್ಬಿಯನ್ನೂ ಇಟ್ಟವಳು ನಾನೇ.

ಅಯ್ಯೋ, ಮೊದಲು ಹೇಳಬೇಕಾದದ್ದು ಈಗ ನೆನಪಾಯಿತು. ನವರಾತ್ರಿಗೆ ಬಂದಾಗ ಪುಟ್ಟಿ ನನ್ನ ಪಕ್ಕದಲ್ಲೇ ಮಲಗಿದ್ದಳಲ್ಲ, ರಾತ್ರಿಯಿಡೀ ಬಾಯಿ ತೆರೆದೇ ಉಸಿರಾಡುತ್ತಿದ್ದಳು, ಗೊರಕೆಯೂ ಇತ್ತು. ಮೂಗಿನ ಹಿಂದೆ ಅಡಿನಾಯ್ಡ್ ಎನ್ನುವ ಮೆತ್ತನೆಯ ಮಾಂಸ ಬೆಳೆದಿದ್ದರೆ ಅಥವಾ ಟಾನ್ಸಿಲ್ ದಪ್ಪವಾಗಿದ್ದರೆ ಮಗು ಬಾಯಿಂದಲೇ ಉಸಿರಾಡುತ್ತದೆ, ನಾಲಿಗೆ ಕೆಳಗೆ ಬಿದ್ದುಕೊಳ್ಳುತ್ತದೆ. ಮೂಗು ಕಟ್ಟಿಕೊಂಡೇ ಇರುವ ಮಗುವಿಗೆ ಬಾಯಿ ಮುಚ್ಚು ಎಂದು ಗದರಿ ಏನು ಪ್ರಯೋಜನ? ಈ ವಾರವೇ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸು. ಅವಳು ಮಲಗಿದಾಗ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿಕೊಂಡು ಹೋಗು.

ಕಂಬಿಯ ವಿಷಯ. ಏಳು ವರ್ಷ ಬೇಗವಲ್ಲ, ಸರಿಯಾದ ಹೊತ್ತು. ಮುಂದಿನ ಶಾಶ್ವತ ಹಲ್ಲುಗಳು ಈಗ ತಾನೇ ಇಳಿಯುತ್ತಿವೆ. ಈ ವಯಸ್ಸಿನಲ್ಲಿ ಬೆರಳಿನ ಅಭ್ಯಾಸ ನಿಂತರೆ ಎಷ್ಟೋ ಮಕ್ಕಳಿಗೆ ಕಿಂಡಿ ತಾನಾಗಿಯೇ ಮುಚ್ಚುತ್ತದೆ. ನಿಲ್ಲದಿದ್ದರೆ ಕಂಬಿ ಬೆರಳನ್ನೂ ತಡೆಯುತ್ತದೆ, ನಾಲಿಗೆಯನ್ನೂ ಹಿಂದೆ ಸರಿಸುತ್ತದೆ. ಬೇವು, ಮೆಣಸಿನ ಪುಡಿ ಯಾವುದೂ ಬೇಡ. ಮೊದಲು ಅವಳಿಗೇ ಬಿಡಬೇಕು ಎನಿಸುವಂತೆ ಮಾತಾಡು, ಕ್ಯಾಲೆಂಡರಿನಲ್ಲಿ ಚೀಪದ ದಿನಕ್ಕೊಂದು ನಕ್ಷತ್ರ ಬರೆಯಿಸು. ನಿನ್ನ ಮಾವನವರ ಕಡೆಯವರದು ಉದ್ದ ಮುಖ. ಮೂಳೆಯ ಬೆಳವಣಿಗೆಯೇ ಹಾಗಿದೆಯೇ ಎಂದೂ ಕೇಳು, ಪಕ್ಕದಿಂದ ತೆಗೆಯುವ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಮೂಳೆಯದೇ ದೊಡ್ಡ ವ್ಯತ್ಯಾಸವಾದರೆ ತಂತಿ ಒಂದರಿಂದಲೇ ಆಗುವುದಿಲ್ಲ, ಬೆಳವಣಿಗೆ ನಿಂತ ಮೇಲೆ ದವಡೆಯ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಈಗಲೇ ಅದನ್ನು ನೆನೆದು ಅಳುತ್ತ ಕೂರಬೇಡ. ತೋರಿಸುವುದು ಮಾತ್ರ ಬಿ.ಡಿ.ಎಸ್. ಆದ ಮೇಲೆ ಹಲ್ಲಿನ ಸಾಲು ಸರಿಪಡಿಸುವ ವಿಭಾಗವಾದ ಆರ್ಥೊಡಾಂಟಿಕ್ಸ್‌ನಲ್ಲಿ ಎಂ.ಡಿ.ಎಸ್. ಮಾಡಿದವರಿಗೇ ಆಗಲಿ.

ಕಂಬಿ ಹಾಕಿಸಿದ ಮೊದಲ ದಿನಗಳಲ್ಲಿ ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಹೆದರಬೇಡ. ಅಂಟುವುದು, ಗಟ್ಟಿಯಾದದ್ದು ಕೊಡಬಾರದು. ಹಾಕಿಸುವ ದಿನ ಗೊತ್ತಾದರೆ ತಿಳಿಸು, ತೊಡೆದೇವು ಮಾಡಿ ಬಸ್ಸಿನಲ್ಲಿ ಕಳಿಸುತ್ತೇನೆ. ಅದು ಬಾಯಲ್ಲಿಟ್ಟರೆ ಕರಗುತ್ತದೆ.