ಎಡಗೈಯವನಿಗೆ ಫ್ಲಿಂಟ್‌ಲಾಕ್: ಯಾವುದು ತಗೊಳ್ಳಲಿ? ಅನುಭವ ಇದ್ದವರು ಹೇಳಿ

ಪೆನ್ಸಿಲ್ವೇನಿಯಾ (ಮೂಲ ಚಾಮರಾಜನಗರ):
ನಮಸ್ಕಾರ ಎಲ್ಲರಿಗೂ. ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಲೈಸೆನ್ಸ್ ತಗೊಂಡಿದ್ದೇನೆ. ಕ್ರಿಸ್‌ಮಸ್ ಮಾರನೇ ದಿನ ಶುರುವಾಗುವ ಫ್ಲಿಂಟ್‌ಲಾಕ್ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಕೋವಿ) ಬೇಟೆ ಸೀಸನ್‌ಗೆ ಹೋಗುವ ಆಸೆ. ನಾನು ಎಡಚ, ಎಡಗಣ್ಣೇ ಪ್ರಬಲ. .50 ಕ್ಯಾಲಿಬರ್ (ನಳಿಗೆಯ ಒಳ ಅಗಲ ಅರ್ಧ ಇಂಚು) ನೋಡುತ್ತಿದ್ದೇನೆ, ಬಜೆಟ್ 900 ಡಾಲರ್. ಲಾಕ್, ಅಂದರೆ ಕಿಡಿ ಹಾರಿಸುವ ಯಂತ್ರ, ಎಡಗಡೆ ಇರುವ ಕೋವಿ ಅಂಗಡಿಗಳಲ್ಲಿ ಸಿಗುತ್ತಿಲ್ಲ. ಬಲಗಡೆ ಲಾಕಿನದನ್ನೇ ಎಡ ಭುಜಕ್ಕಿಟ್ಟು ಹೊಡೆಯಬಹುದಾ? ಎಚ್-1ಬಿ ವೀಸಾದಲ್ಲಿದ್ದೇನೆ, ಅದರಿಂದ ತೊಂದರೆ ಇದೆಯಾ?

ಓಹಾಯೋ (ಮೂಲ ಸಕಲೇಶಪುರ):
ಎಡಗಡೆ ಲಾಕೇ ತಗೊಳ್ಳಿ, ಬೇರೆ ಮಾತೇ ಬೇಡ. ಎಡಗೈಯಲ್ಲಿ ಬಳಪ ಹಿಡಿದಿದ್ದಕ್ಕೆ ಮೇಷ್ಟ್ರ ಕೈಲಿ ಏಟು ತಿಂದವನು ನಾನು, ಎಡಗೈಯಲ್ಲಿ ಉಂಡಿದ್ದಕ್ಕೆ ಅಜ್ಜಿಯ ಕೈಲಿ. ನನ್ನ ದುಡ್ಡು ಕೊಟ್ಟು ಕೊಳ್ಳೋ ಕೋವಿಯಲ್ಲೂ ಬಲಗೈಯವರ ಲೆಕ್ಕಕ್ಕೆ ಬಗ್ಗು ಅಂದ್ರೆ ಬಗ್ಗಲ್ಲ.

ನನ್ನದು ಮಾಡಿಸಿದ್ದು. ಸೈಲರ್ ಮಾದರಿಯ ಎಡಗೈ ಲಾಕ್, 42 ಇಂಚಿನ ನಳಿಗೆ, ಒಳಗಿನ ಸುರುಳಿ ಗೀರು 66 ಇಂಚಿಗೆ ಒಂದು ಸುತ್ತು, ಮೇಪಲ್ ಮರದ ಹಿಡಿ. ಕೆನ್ನೆ ಒರಗುವ ಉಬ್ಬು ಬಲಮಗ್ಗುಲಲ್ಲಿ, ಹಿಡಿಯ ಬಾಗು ಎಡಕ್ಕೆ. ಈ ಬಾಗಿನ ವಿಷಯ ಯಾರೂ ಹೇಳಲ್ಲ. ಲಾಕ್ ಮಾತ್ರ ಎಡಗಡೆಗೆ ಹಾಕಿ ಹಿಡಿ ಬಲಗೈಯವರದೇ ಇಟ್ಟರೆ ಕಣ್ಣು ಸೈಟಿಗೆ ಬರೋದೇ ಇಲ್ಲ. ಮಾತಾಡಿದ್ದು 2,400 ಡಾಲರ್, ಮುಂಗಡ 800. ನೆರಿಗೆ ಇರುವ ಮೇಪಲ್ ಬೇಕು ಅಂದಿದ್ದಕ್ಕೆ 180 ಹೆಚ್ಚು. ಒಂದು ವರ್ಷ ಅಂದವರು ಎರಡು ದಾಟಿಸಿದರು. ಬಂದ ಮೇಲೆ ಕಿಡಿಯೇ ಇಲ್ಲ! ಕಲ್ಲು ಬಡಿದು ಕಿಡಿ ಹಾರಿಸುವ ಉಕ್ಕಿನ ತಗಡು, ಫ್ರಿಜನ್, ಮೆತ್ತಗಿತ್ತು. ಕಲ್ಲು ಅದರ ಮೈಮೇಲೆ ಗೀರು ಎಳೀತಿತ್ತು ಅಷ್ಟೇ. ಮತ್ತೆ ಗಡಸು ಮಾಡಿಸೋಕೆ 65, ಹೋಗಿಬರುವ ಪಾರ್ಸೆಲ್‌ಗೆ 38. ಬೆಂಕಿ ಹಾಯುವ ತೂತಿಗೆ ಸ್ಟೀಲ್ ಲೈನರ್ ಹಾಕಿಸಿದ್ದು 40. ಕಲ್ಲು ಒಂದಕ್ಕೆ ಮೂರು ಡಾಲರ್.

ಮದ್ದಿನ ಕಥೆ ಬೇರೆ. ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಥರದ ಬದಲಿ ಮದ್ದೆಲ್ಲ ಫ್ಲಿಂಟ್‌ಲಾಕ್‌ನ ಕಿಡಿಗೆ ಸರಿಯಾಗಿ ಹೊತ್ತಲ್ಲ, ನಿಜವಾದ ಕಪ್ಪು ಮದ್ದೇ ಬೇಕು. 2021ರಲ್ಲಿ ಕಪ್ಪು ಮದ್ದು ಮಾಡುವ ಗೋಯೆಕ್ಸ್ ಕಾರ್ಖಾನೆ ಮುಚ್ಚುತ್ತಾರೆ ಅನ್ನೋ ಸುದ್ದಿ ಬಂದಾಗ ಇಲ್ಲಿನ ಅಂಗಡಿಗಳಲ್ಲಿ ಒಂದು ಡಬ್ಬಿ ಉಳಿದಿರಲಿಲ್ಲ. ಮರುವರ್ಷ ಎಸ್ಟೆಸ್ ಕಂಪನಿಯವರು ಅದನ್ನು ಕೊಂಡರು ಅಂದಾಗಲೇ ನನಗೆ ಸಮಾಧಾನ ಆಗಿದ್ದು. ಇಷ್ಟೆಲ್ಲ ಆದರೂ ಈ ಕೋವಿಯನ್ನು ನಾನು ಯಾರಿಗೂ ಕೊಡಲ್ಲ.

ವಿರಾಜಪೇಟೆ:
ಅಷ್ಟು ದುಡ್ಡು ಯಾಕೆ ಸುರೀಬೇಕು? ನಮ್ಮ ಮನೆಯ ತೋಕ್ ಅಜ್ಜನ ಕಾಲದ್ದು. ಒಂಟಿ ನಳಿಗೆ, ಕಲ್ಲಿನ ಬದಲು ಸಿಡಿಯುವ ಪುಟ್ಟ ಕೇಪಿನದು, ಅದಕ್ಕೆ ಬಡಿಯುವ ಕುದುರೆ ಬಲಗಡೆಗೇ ಇದೆ. ನಾನೂ ಎಡಚನೇ. ಕೈಲ್ ಪೋಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಎಡ ಭುಜದಿಂದಲೇ ಇಟ್ಟು ಹೊಡೀತೀನಿ, ಬಲಗೈಯವರಿಗಿಂತ ಕಡಿಮೆ ಏನಿಲ್ಲ. ಅಪ್ಪನೂ ಎಡಚ, ಅವರೂ ಅದರಲ್ಲೇ ಹೊಡೆದವರು.

ಕಷ್ಟ ಬಂದಿದ್ದು ಬೇರೆ ಕಡೆಯಿಂದ. ಕೇಪು ಕೂರುವ ನಿಪ್ಪಲ್ ಸವೆದು ಕೇಪಿನ ಚೂರು ಸಿಡಿಯೋಕೆ ಶುರುವಾಯ್ತು. ಮುಂದೆ ನಳಿಗೆ ಹಿಡಿದ ಬಲಗೈ ಮೇಲೆ ಈಗಲೂ ಕಪ್ಪು ಚುಕ್ಕೆಗಳಿವೆ. ರಿಪೇರಿಗೆ ಕೊಟ್ಟರೆ ಹೊಸ ನಿಪ್ಪಲ್‌ಗೆ ತಿರುಪಿನ ಮರೆ ಸರಿಯಾಗಿ ಕೂರಿಸದೆ ವಾಪಸ್ ಕೊಟ್ಟರು, ಅದಕ್ಕೆ 2,800 ರೂಪಾಯಿ. ಇನ್ನೊಬ್ಬರ ಹತ್ತಿರ ಮತ್ತೆ 4,500. ಹಿಡಿಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದ್ದಕ್ಕೆ ಬಡಗಿ ಮೊಳೆ ಹೊಡೀತೀನಿ ಅಂದ. ಅಜ್ಜನ ತೋಕ್‌ಗೆ ಮೊಳೆಯಾ? ಬೀಟೆ ಮರದ ತುಂಡು ಹುಡುಕಿ ಕೂರಿಸಿದ್ದಕ್ಕೆ 6,000. ಆದರೂ ಎಡಗೈ ಬಲಗೈ ಅನ್ನೋದು ಅಭ್ಯಾಸದ ಮಾತು.

ಓಹಾಯೋ:
ಅಣ್ಣ, ಕೇಪಿನ ಕೋವಿಯ ಅನುಭವವನ್ನು ಫ್ಲಿಂಟ್‌ಲಾಕ್‌ಗೆ ಹೇಳಬೇಡಿ. ಎಡ ಭುಜಕ್ಕಿಟ್ಟರೆ ಕೆನ್ನೆ ಹಿಡಿಯ ಬಲಮಗ್ಗುಲಿಗೆ ಬರುತ್ತೆ, ಲಾಕೂ ಬಲಮಗ್ಗುಲಲ್ಲೇ. ಲಾಕಿನ ಪುಟ್ಟ ಮದ್ದಿನ ಬಟ್ಟಲು, ಪ್ಯಾನ್‌ನ ಬೆಂಕಿ ಹತ್ತೋದು ಕಣ್ಣಿನ ಮುಂದೆಯೇ. ತೂತಿನಿಂದ ಪಕ್ಕಕ್ಕೆ ಚಿಮ್ಮುವ ಉರಿ ಬಲ ಮುಂಗೈಗೆ. ಬೆಳಕು ಕಂಡ ತಕ್ಷಣ ತಲೆ ಅಲುಗಿದರೆ ಗುಂಡು ಎಲ್ಲಿಗೋ ಹೋಗುತ್ತೆ. ನಿಮ್ಮ ಕೈ ಮೇಲಿನ ಕಪ್ಪು ಚುಕ್ಕೆಯೇ ನನ್ನ ಪರವಾಗಿ ಸಾಕ್ಷಿ ಹೇಳ್ತಿದೆ.

ವಿರಾಜಪೇಟೆ:
ತಲೆ ಅಲುಗಿಸದೆ ಹೊಡೆಯೋದನ್ನು ನಮಗೆ ಮೀಸೆ ಬರುವ ಮೊದಲೇ ಕಲಿಸಿರ್ತಾರೆ. ನೀವು ದುಡ್ಡು ಕೊಟ್ಟು ಕೊಂಡಿದ್ದನ್ನು ನಾವು ಕಲಿತು ಪಡೆದಿದ್ದೇವೆ, ಅಷ್ಟೇ.

ನ್ಯೂಜೆರ್ಸಿ (ಮೂಲ ಬೆಂಗಳೂರು):
ಇಬ್ಬರ ಜಗಳಕ್ಕೂ ಅರ್ಥ ಇಲ್ಲ. ಇನ್‌ಲೈನ್ ತಗೊಳ್ಳಿ, ಅಂದ್ರೆ ನಳಿಗೆಯ ನೇರ ಹಿಂದಿನಿಂದ ಮದ್ದು ಹೊತ್ತುವ ಕೋವಿ. ಮಧ್ಯಕ್ಕೆ ಮುರಿದು ತೆರೆಯುವ ಮಾದರಿ, ಕಿಡಿ ಕೊಡುವ 209 ಪ್ರೈಮರ್ ಒಳಗೇ ಕೂರುತ್ತೆ, ಕಿಡಿ ಹೊರಗೆ ಬರೋದೇ ಇಲ್ಲ. ಎಡಗೈಗೂ ಬಲಗೈಗೂ ಒಂದೇ ಕೋವಿ. ನನ್ನ ಸಿವಿಎ ಕಂಪನಿಯ ಕೋವಿ 310 ಡಾಲರ್‌ಗೆ ಬಂತು. ಸ್ಕೋಪ್ 199, ಮೌಂಟ್ 34, ಕುದುರೆಗೆ ಎಡಗಡೆಗೆ ಚಾಚುವ ಕಡ್ಡಿ 14. ಸ್ಕೋಪ್ ಹಾಕಿದ ಮೇಲೆ ಆ ಕಡ್ಡಿ ಇಲ್ಲದೆ ಹೆಬ್ಬೆರಳು ಹೋಗಲ್ಲ. ಗುಂಡು ಸೇಬಟ್ ಅನ್ನೋ ಪ್ಲಾಸ್ಟಿಕ್ ಕವಚದ್ದು, 20ಕ್ಕೆ 28 ಡಾಲರ್, ಅದೊಂದು ಸುಲಿಗೆ. ಸ್ಕೋಪ್ ಮಂಜು ಹಿಡಿದು ಬದಲಾಯಿಸಿಕೊಡಿ ಅಂದಿದ್ದಕ್ಕೆ ಅಂಗಡಿಯವರು ರಸೀದಿ ಹಳೆಯದು ಅಂದರು. ಅದರ ಸಿಟ್ಟು ಇನ್ನೂ ಇದೆ. ಆದರೆ ಕೋವಿ ಬಗ್ಗೆ ಒಂದು ದೂರೂ ಇಲ್ಲ.

ಓಹಾಯೋ:
ಅವರು ಕೇಳಿದ್ದು ಪೆನ್ಸಿಲ್ವೇನಿಯಾದ ಫ್ಲಿಂಟ್‌ಲಾಕ್ ಸೀಸನ್. ಅದರಲ್ಲಿ ಇನ್‌ಲೈನ್ ಒಯ್ದರೆ ದಂಡ ಬೀಳುತ್ತೆ. ಪ್ರಶ್ನೆ ಓದಿ ಉತ್ತರ ಬರೀರಿ ದಯವಿಟ್ಟು.

ನ್ಯೂಜೆರ್ಸಿ:
ಅಲ್ಲಿ ಅಕ್ಟೋಬರ್‌ನಲ್ಲಿ ಕೊಂಬಿಲ್ಲದ ಜಿಂಕೆಗೆ ಮಸಲ್‌ಲೋಡರ್ (ಬಾಯಿಂದ ಮದ್ದು ತುಂಬುವ ಕೋವಿ) ಸೀಸನ್ ಇದೆ, ಇನ್‌ಲೈನ್ ಧಾರಾಳವಾಗಿ ನಡೆಯುತ್ತೆ. ಚಳಿಯಲ್ಲಿ ನಡುಗುತ್ತಾ ಕಲ್ಲು ಕುಟ್ಟೋದೇ ಬೇಟೆ ಅಂತ ಯಾರು ಹೇಳಿದ್ದು?

ಟೆಕ್ಸಾಸ್ (ಮೂಲ ಶಿರಸಿ):
ವೀಸಾ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಬರೆಯುತ್ತೇನೆ. ನಾನೂ ಎಚ್-1ಬಿಯಲ್ಲಿದ್ದಾಗ ಇದರಲ್ಲಿ ಒದ್ದಾಡಿದ್ದೇನೆ. ಗ್ರೀನ್ ಕಾರ್ಡ್ ಇಲ್ಲದ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಆದರೆ ಬಾಯಿಂದ ಕಪ್ಪು ಮದ್ದು ತುಂಬುವ, ತೋಟೆ ಹಾಕಲು ಬಾರದ ಕೋವಿಯನ್ನು ಅದೇ ಕಾನೂನು ಪುರಾತನ ಆಯುಧದ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಸಾದಾ ಫ್ಲಿಂಟ್‌ಲಾಕ್ ಆ ತಡೆಗೆ ಬರುವುದಿಲ್ಲ. ಎಚ್ಚರ ಬೇಕಾದ್ದು ಒಂದೇ ಕಡೆ: ನಳಿಗೆ ಬದಲಾಯಿಸಿದರೆ ತೋಟೆ ಕೋವಿಯಾಗುವಂಥವು, ಉದಾಹರಣೆಗೆ ಥಾಂಪ್ಸನ್ ಸೆಂಟರ್‌ನ ಎನ್‌ಕೋರ್, ಪೂರ್ಣ ಬಂದೂಕಿನ ಲೆಕ್ಕಕ್ಕೇ ಬರುತ್ತವೆ. ಇದನ್ನು ತಿಳಿದುಕೊಳ್ಳಲು ವಕೀಲರಿಗೆ 350 ಡಾಲರ್ ಕೊಟ್ಟೆ. ಅರ್ಧ ಗಂಟೆಯ ಮಾತು.

ನ್ಯೂಜೆರ್ಸಿ:
ಫೆಡರಲ್ ಅಂತ ಹೇಳಿ ಜನರನ್ನು ಹಳ್ಳಕ್ಕೆ ಇಳಿಸಬೇಡಿ. ನಮ್ಮ ರಾಜ್ಯದಲ್ಲಿ ಮಸಲ್‌ಲೋಡರ್‌ಗೂ ಬಂದೂಕಿನ ಐಡಿ ಕಾರ್ಡ್ ಬೇಕು. ಜೊತೆಗೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವೀಸಾದವರಿಗೂ ಆ ತಡೆಯಿಂದ ವಿನಾಯಿತಿ ಇದೆ. ಅದನ್ನು ಯಾಕೆ ಬಿಟ್ಟಿರಿ?

ಟೆಕ್ಸಾಸ್:
ಲೈಸೆನ್ಸ್ ಅವಧಿ ಮುಗಿದ ಮಾರನೇ ದಿನ ನಿಮ್ಮ ವಿನಾಯಿತಿ ಎಲ್ಲಿ ಹೋಗುತ್ತೆ? ಪುರಾತನ ಅಂದರೆ ಆ ಹೆದರಿಕೆ ಇಲ್ಲ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನಿಂತವನಿಗೆ ಗೊತ್ತು ಆ ಹೆದರಿಕೆ ಏನು ಅಂತ. ರಾಜ್ಯದ ನಿಯಮ ನೋಡಿಕೊಳ್ಳಿ ಅನ್ನೋದು ಒಪ್ಪಿದೆ.

ತೀರ್ಥಹಳ್ಳಿ:
ವಿರಾಜಪೇಟೆಯವರ ಮಾತಿಗೆ ಬರ್ತೀನಿ. ನಿಮಗೇನು ಸ್ವಾಮಿ, ಲೈಸೆನ್ಸೇ ಬೇಡ. ನಮ್ಮದು ಬೆಳೆ ರಕ್ಷಣೆಯ ಕೋವಿ. ಚುನಾವಣೆ ಬಂತು ಅಂದ್ರೆ ಠಾಣೆಯಲ್ಲಿ ಠೇವಣಿ ಇಡಬೇಕು. ಮಂಗ, ಹಂದಿ ತೋಟಕ್ಕೆ ಇಳಿಯೋಕೆ ಚುನಾವಣೆ ಕೇಳಲ್ಲ. ಹೋದ ಸಲ ಎಣ್ಣೆ ಹಚ್ಚಿ ಕೊಟ್ಟ ಕೋವಿ ತುಕ್ಕು ಹಿಡಿದು ಬಂತು, ನಳಿಗೆ ಉಜ್ಜಿಸಲು 3,200. ಮದ್ದು ಗುಂಡು ಜಡಿಯುವ ಗಜ ಕಳೆದೇ ಹೋಗಿತ್ತು, ಅದಕ್ಕೆ 600. ಎಡಗಡೆ ಲಾಕು ಬಲಗಡೆ ಲಾಕು ಅನ್ನೋದು ಕೋವಿ ಮನೆಯಲ್ಲಿ ಉಳಿದವರ ಚರ್ಚೆ.

ವಿರಾಜಪೇಟೆ:
ನಮ್ಮ ವಿನಾಯಿತಿ ಯಾರೋ ಉಚಿತವಾಗಿ ಹಂಚಿದ್ದಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ನಡೆದು ಬಂದಿದ್ದು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ 2029ರ ಅಕ್ಟೋಬರ್‌ವರೆಗೆ ಕೇಂದ್ರ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ವಿನಾಯಿತಿ ಪತ್ರಕ್ಕೆ ನಾವೂ ಕಚೇರಿ ಅಲೀತೀವಿ. ಮಗ ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಮನೆಗಳು ನಮ್ಮವು. ತೋಕ್ ನಮಗೆ ಬರೀ ಹಂದಿ ಓಡಿಸುವ ಸಾಮಾನಲ್ಲ.

ತೀರ್ಥಹಳ್ಳಿ:
ಹಂದಿ ಓಡಿಸೋದು ಕೀಳು ಕೆಲಸ ಅನ್ನೋ ಹಾಗೆ ಬರೀಬೇಡಿ. ಒಂದು ರಾತ್ರಿಯಲ್ಲಿ ಗದ್ದೆ ನೆಲಸಮ ಆದವರನ್ನು ಕೇಳಿ ನೋಡಿ.

ಪೆನ್ಸಿಲ್ವೇನಿಯಾ (ಮೂಲ ಚಾಮರಾಜನಗರ):
ಎಲ್ಲರಿಗೂ ಧನ್ಯವಾದ. 900ರ ಒಳಗೆ ಎಡಗೈ ಫ್ಲಿಂಟ್‌ಲಾಕ್ ಯಾರಾದರೂ ಕೊಂಡಿದ್ದೀರಾ?

ಪಿಟ್ಸ್‌ಬರ್ಗ್ (ಮೂಲ ಧಾರವಾಡ):
ನಾನು ಕೊಂಡೀನಿ. ನಾನೂ ಎಡಚಿನ ರೀ. ಹೊಸಾದು ಹುಡುಕೂದು ಬಿಡ್ರಿ. ಲೈಮನ್ ಕಂಪನಿ ಗ್ರೇಟ್ ಪ್ಲೇನ್ಸ್ ಕೋವಿ, ಎಡಗೈದು, ಹಳೇದು, ಆಗಾಗ ಮಾರಾಟಕ್ಕ ಬರ್ತಾವ. ನಂದು 675ಕ್ಕ ಸಿಕ್ತು, ಪಾರ್ಸೆಲ್ 42. 60 ಇಂಚಿಗೆ ಒಂದು ಸುತ್ತು, ಅಂದ್ರ ಬಟ್ಟಿ ಸುತ್ತಿದ ದುಂಡನ ಗುಂಡಿಗೆ ಹೇಳಿ ಮಾಡಿಸಿದ್ದು. ಸೇಬಟ್ ಹಾಕಿದ್ರ ಕೂಡಂಗಿಲ್ಲ. .490 ಇಂಚಿನ ಗುಂಡು, .015 ಇಂಚು ದಪ್ಪನ ಬಟ್ಟಿ, 70 ಗ್ರೇನ್ ಮದ್ದು ನನಗ ಒಗ್ಗೇದ.

ನಂದರಾಗ ಮೊದಲಿನ ಮಾಲಕ ನಳಿಗಿ ತೊಳೀದ ಇಟ್ಟಿದ್ದ. ಚಿತ್ರದಾಗ ಹೊರಗಿನ ಹೊಳಪಷ್ಟ ತೋರಿಸಿದ್ರು. ಒಳಗ ಬುಡದಾಗ ತುಕ್ಕಿನ ಕುಳಿ, ಬಟ್ಟಿ ಹರಕೊಂಡು ಬರ್ತಿತ್ತು. ಒಳಗ ಉಜ್ಜಿ ನುಣುಪು ಮಾಡಿಸಾಕ 120 ಹೋತು. ಅದಕ್ಕ ನೀವು ಕೊಳ್ಳೂ ಮುಂದ ನಳಿಗಿ ಒಳಗ ಸಣ್ಣ ಬ್ಯಾಟರಿ ಬಿಟ್ಟು ತೆಗೆದ ಚಿತ್ರ ಕೇಳ್ರಿ. ಗಜಕ್ಕ ಬಿಗಿಯಾದ ಬಟ್ಟಿ ಸುತ್ತಿ ಬುಡದತನಕ ಎಳದು ನೋಡಂತ ಹೇಳ್ರಿ, ಎಲ್ಲಿ ಹಿಡೀತದೋ ಅಲ್ಲಿ ಕುಳಿ ಅದ. ಫ್ರಿಜನ್ ಕಿಡಿ ಕತ್ತಲಿಯಾಗ ವಿಡಿಯೋ ತಗಸ್ರಿ. ಬಲಗಡಿ ಲಾಕಿನ ಗೊಡವಿ ಬ್ಯಾಡ. ಗುಂಡು ಮದ್ದಿನ ಮ್ಯಾಲ ಗಟ್ಟಿ ಕೂತದೋ ಇಲ್ಲೋ ಅನ್ನೂದಕ್ಕ ಗಜದ ಮ್ಯಾಲ ಗುರುತು ಹಾಕ್ರಿ, ನಡುವ ನಿಂತ್ರ ನಳಿಗಿ ಉಬ್ಬತದ. ಹೊಡದ ದಿನನ ಬಿಸಿನೀರಾಗ ತೊಳೀರಿ.

ಓಹಾಯೋ:
ಎಲ್ಲ ಸರಿ ಅಕ್ಕ, ಬಿಸಿನೀರು ಮಾತ್ರ ಬೇಡ. ಕುದಿಯೋ ನೀರು ಹೊಯ್ದರೆ ಒಣಗುವಾಗಲೇ ಕೆಂಪು ತುಕ್ಕು ಏಳುತ್ತೆ. ತಣ್ಣೀರೇ ಸಾಕು, ಮೇಲೆ ಎಣ್ಣೆ.

ಪಿಟ್ಸ್‌ಬರ್ಗ್:
ನಾನು ಕುದಿಯೂ ನೀರು ಅಂದಿಲ್ಲ, ಬಿಸಿನೀರು ಅಂದೀನಿ. ಇಲ್ಲಿ ಜನವರಿಯಾಗ ನಲ್ಲಿ ತಣ್ಣೀರಿಗೆ ಕೈ ಇಟ್ಟು ನೋಡ್ರಿ, ಆಮ್ಯಾಲ ಮಾತಾಡೂಣು. ಚಾಮರಾಜನಗರದವರ, ನೀವು ಪಶ್ಚಿಮದ ಕಡೆ ಇದ್ರ ಹೇಳ್ರಿ, ನಮ್ಮ ಕ್ಲಬ್ಬಿನ ರೇಂಜ್‌ದಾಗ ನನ್ನ ಕೋವಿ ಹೊಡದು ನೋಡಿ ಆಮ್ಯಾಲ ಕೊಳ್ರಿ. ಕಣ್ಣಿಗೆ ಕನ್ನಡಕ ಹಾಕ್ಕೊಂಡ ಬರ್ರಿ.